ಮೂರನೆಯ ಚೀಟಿ

"ಈ ಡಬ್ಬಿಯೊಳಗೆ ಆ ಸಿಂಹಾಸನ ಕೂರಿಸಬೇಕಾ?"

ಮೆಕ್ಯಾನಿಕ್ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಕಾರನ್ನು, ಒಮ್ಮೆ ಅವಳ ತೋಳಲ್ಲಿದ್ದ ಮಗುವಿನ ಸೀಟನ್ನು ನೋಡಿದ. ಕೆಂಪು ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡಂತಿತ್ತು. ಎರಡೇ ಸೀಟು, ಹಿಂದೆ ಒಂದು ಕೊಡೆ ಇಡಲೂ ಜಾಗವಿಲ್ಲ. ಗ್ಯಾರೇಜಿನ ಇನ್ನಿಬ್ಬರು ಕೆಲಸ ಬಿಟ್ಟು ಇತ್ತಲೇ ನೋಡುತ್ತಿದ್ದರು. ಅವಳ ಮುಖ ಬಿಸಿಯಾಯಿತು.

"ಆಗಲ್ಲ ಅಂದ್ರೆ ಹೇಳಿಬಿಡಿ. ನಾನೇನೂ ಬೇಜಾರು ಮಾಡ್ಕೊಳಲ್ಲ."

"ಅಯ್ಯೋ ತಾಯಿ, ನೋಡದೇ ಹೆಂಗೆ ಹೇಳ್ಲಿ? ಬೇರೆ ಎಲ್ಲಾದ್ರೂ ತೋರಿಸಿದ್ರಾ?"

"ಎರಡು ಕಡೆ ಹೋಗಿದ್ದೆ. ಕೆಲಸ ಆಗ್ಲಿಲ್ಲ."

"ಹಂಗನ್ನಿ!" ಅವನು ತೋಳು ಮಡಚಿದ. ಬೇರೆಯವರು ಕೈಚೆಲ್ಲಿದ ಕೆಲಸವೆಂದರೆ ಅವನಿಗೆ ಎಲ್ಲಿಲ್ಲದ ಹುರುಪು.

"ಆಗುತ್ತೋ ಇಲ್ವೋ, ಏನಿದ್ರೂ ಒಂದು ಚೀಟೀಲಿ ಬರೆದುಕೊಡಿ. ಅಣ್ಣನಿಗೆ ತೋರಿಸ್ಬೇಕು."

ಅಣ್ಣ ಹಡಗಿನಲ್ಲಿ ಅಡುಗೆಯವನು. ಅತ್ತಿಗೆ ತೀರಿಕೊಂಡ ಮೇಲೆ ರಜೆ ಹಾಕಿ ಮೂರು ವರ್ಷದ ಮಗಳನ್ನು ತಾನೇ ನೋಡಿಕೊಂಡಿದ್ದ. ರಜೆ ಮುಗಿದಿತ್ತು. ಶುಕ್ರವಾರ ಹಡಗು ಹತ್ತಿದರೆ ಇಳಿಯುವುದು ಹತ್ತು ತಿಂಗಳ ಮೇಲೆ. ಅಲ್ಲಿಯವರೆಗೆ ಮಗು ತಂಗಿಯಾದ ಅವಳ ಮನೆಯಲ್ಲಿರಬೇಕು, ಇಲ್ಲವೇ ಹಾಸ್ಟೆಲ್ಲಿಗೆ ಹೋಗಬೇಕು. ಅವಳ ಮನೆಯಿಂದ ಶಿಶುವಿಹಾರಕ್ಕೆ ಹೋಗಲು ಈ ಕಾರೊಂದೇ ದಾರಿ.

"ನಿನ್ನ ಕಾರಲ್ಲಿ ಕೂರುತ್ತಾ ವಿಚಾರಿಸು ಪುಟ್ಟಿ," ಎಂದು ಅಣ್ಣ ತಾನೇ ಸೀಟು ಕೊಂಡುತಂದು ಕೊಟ್ಟಿದ್ದ. "ಕೂರಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ? ಅದ್ರಲ್ಲಿ ನಿನ್ನ ತಪ್ಪೇನಿಲ್ಲ."

ಆ ಮಾತು ಮೂರು ದಿನದಿಂದ ಅವಳ ಕಿವಿಯಲ್ಲೇ ಇತ್ತು. ಅಣ್ಣನಿಗೆ ಅವಳು ಈವರೆಗೆ ಒಂದು ಸುಳ್ಳೂ ಹೇಳಿದವಳಲ್ಲ. ಹಾಸ್ಟೆಲ್ಲಿನ ಸಾಲು ಮಂಚಗಳು ಕಣ್ಣ ಮುಂದೆ ಬಂದಾಗಲೆಲ್ಲ ತಟ್ಟೆ ಬಿಟ್ಟು ಏಳುತ್ತಿದ್ದಳು.

ಕಾರು ಗಂಡನದು. "ನಮ್ಮಿಬ್ಬರಿಗೆ ಇಷ್ಟು ಸಾಕು," ಎಂದು ತಂದಿದ್ದ. ಅವನು ತೀರಿಹೋಗಿ ಎಂಟು ತಿಂಗಳು. ಅವನು ಕೂರುತ್ತಿದ್ದಲ್ಲಿ ಈಗ ಅವಳು ಕೂರುತ್ತಿದ್ದಳು. ಅವಳು ಕೂರುತ್ತಿದ್ದಲ್ಲಿ ಅವಳ ಕೈಚೀಲ.

ಮೆಕ್ಯಾನಿಕ್ ಬಾಗಿ ಕಾರಿನೊಳಗೆ ಅರ್ಧ ಮೈ ತೂರಿಸಿದ.

"ಮುಂದೆ ಮಗು ಕೂರಿಸೋದಾದ್ರೆ ಮೊದಲು ಏರ್‌ಬ್ಯಾಗ್ ಆಫ್ ಮಾಡ್ಬೇಕು. ಅರೆ, ಆಗ್ಲೇ ಆಫ್ ಆಗಿದೆ?"

"ಹಿಂದಿನ ಗ್ಯಾರೇಜಿನವರು ಮಾಡಿದ್ದು."

"ಪರ್ವಾಗಿಲ್ಲ, ಅಷ್ಟಾದ್ರೂ ಗೊತ್ತಿದೆ ಅವರಿಗೆ."

ಅವನು ಮಗುವಿನ ಸೀಟನ್ನು ಒಳಗಿಟ್ಟ. ಅದರ ಬೆನ್ನು ಕಾರಿನ ತಲೆದಿಂಬಿಗೆ ತಗುಲಿ ಇಡೀ ಸೀಟು ಮುಂದಕ್ಕೆ ವಾಲಿತು. ತಿರುಗಿಸಿದ, ತಳ್ಳಿದ, ಮೊಣಕಾಲು ಊರಿ ಒತ್ತಿದ. ಕೈ ತೆಗೆದರೆ ಮತ್ತೆ ವಾಲಿತು.

"ಓಹೋ, ಇಲ್ಲೇ ಸೋತಿರೋದು ಅವರು," ಎಂದು ತಲೆ ಕೆರೆದುಕೊಂಡ.

ಅವಳು ಒಮ್ಮೆ ತಲೆದಿಂಬಿನತ್ತ ನೋಡಿದಳು. ನೆಲದ ಮೇಲಿನ ಎಣ್ಣೆಯ ಕಲೆ ನೋಡುತ್ತ ನಿಂತಳು.

"ಮಗು ಎಷ್ಟು ತೂಕ?"

"ಹದಿನಾಲ್ಕು ಕಿಲೋ." ಅದು ಅವಳಿಗೆ ಬಾಯಿಪಾಠವಾಗಿತ್ತು.

"ತಾಯಿ ಅಂದ್ರೆ ಹಿಂಗಿರ್ಬೇಕು ನೋಡ್ರೋ! ಬಾಯಿಬಿಡೋದ್ರೊಳಗೆ ಹೇಳಿದ್ರು."

"ನಾನು ತಾಯಿ ಅಲ್ಲ. ಅಣ್ಣನ ಮಗಳು ಅವಳು. ನಾನು ಅತ್ತೆ."

ಮೆಕ್ಯಾನಿಕ್ ಕಾರಿನಿಂದ ತಲೆ ಹೊರಗೆ ಹಾಕಿದ. "ಸೊಸೆಗೆ ಜಾಗ ಕೊಡದ ಅತ್ತೆಯರನ್ನ ಬೇಕಾದಷ್ಟು ನೋಡಿದೀನಿ. ನಮ್ಮ ಮನೇಲೇ ಒಬ್ಬರಿದಾರೆ. ಸೊಸೆಗೋಸ್ಕರ ಮೂರು ಗ್ಯಾರೇಜು ಸುತ್ತೋ ಅತ್ತೆಯನ್ನ ಇವತ್ತೇ ನೋಡಿದ್ದು!"

ಉಳಿದಿಬ್ಬರೂ ಗೊಳ್ಳೆಂದು ನಕ್ಕರು. ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

"ಬಿಡಿ, ಕಷ್ಟ ಆದ್ರೆ ಬೇಡ," ಎಂದಳು.

"ಸುಮ್ನಿರಿ ತಾಯಿ. ಇದನ್ನ ಕಿತ್ತರೆ ಏನಾಗುತ್ತೆ ನೋಡೋಣ." ತಲೆದಿಂಬಿನ ಬುಡದ ಗುಂಡಿ ಒತ್ತಿ ಮೇಲಕ್ಕೆಳೆದ. ಅದು ಸಲೀಸಾಗಿ ಕಳಚಿ ಬಂತು. ಮಗುವಿನ ಸೀಟು ಹಿಂದಕ್ಕೆ ಜರುಗಿ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆಲ್ಟು ತೂರಿಸಿ ಬಿಗಿದ. ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಕಾರೇ ಅಲುಗಿತು, ಸೀಟು ಮಿಸುಕಲಿಲ್ಲ.

ಮೂಲೆಯಿಂದ ಅವನು ಒಂದು ಮರಳಿನ ಮೂಟೆ ಹೊತ್ತು ತಂದ. ಅದರ ಮೇಲೆ ಯಾರೋ ಕಣ್ಣು, ಬಾಯಿ ಬರೆದಿದ್ದರು.

"ಇವನು ನಮ್ಮ ಗುಂಡ. ಸರಿಯಾಗಿ ಹದಿನಾಲ್ಕು ಕಿಲೋ. ಇವನು ಕೂತು ಪಾಸಾದ್ರೇನೇ ನಾನು ಚೀಟಿ ಬರೆಯೋದು. ತಗೊಳ್ಳಿ, ನೀವೇ ಕೂರಿಸಿ."

ಮೂಟೆ ಎದೆಗೆ ಬೆಚ್ಚಗಿತ್ತು, ಬಿಸಿಲಿನಲ್ಲಿ ಇಟ್ಟಿದ್ದರೇನೋ. ಅವಳು ಕೂರಿಸಿ, ಪಟ್ಟಿಗಳನ್ನು ಎರಡೂ ಹೆಗಲಿನಿಂದ ಇಳಿಸಿ ಸೇರಿಸಿದಳು. ಟಕ್ ಎಂದಿತು. ಎಂಟು ತಿಂಗಳಿಂದ ಯಾರೂ ಕೂರದಿದ್ದ ಜಾಗದಲ್ಲಿ ಕೂತು ಗುಂಡ ಅವಳನ್ನೇ ನೋಡಿ ನಗುತ್ತಿದ್ದ. ಅವಳ ಕಣ್ಣು ತುಂಬಿತು.

"ಛೆ ಛೆ, ಆಯ್ತಲ್ಲ, ಇನ್ನೇಕೆ ಅಳು?" ಮೆಕ್ಯಾನಿಕ್ ಕೈಯೊರೆಸಿಕೊಂಡು ಚೀಟಿ ಬರೆದ. ಸಂಬಳದ ದಿನದ ಮುಖ ಹೊತ್ತು ಅವಳ ಕೈಗಿತ್ತ. "ಆ ಎರಡು ಗ್ಯಾರೇಜಿನವರಿಗೂ ತೋರಿಸಿ ಇದನ್ನ!"

ರಸ್ತೆಯ ತಿರುವಿನಲ್ಲಿ ಅವಳು ಕಾರು ನಿಲ್ಲಿಸಿದಳು. ಪಕ್ಕದಲ್ಲಿ ಜಾಗವಿಲ್ಲದೆ ಕೈಚೀಲ ತೊಡೆಯ ಮೇಲಿತ್ತು. ಫೋನು ಬಂತು.

"ಏನಾಯ್ತು ಪುಟ್ಟಿ?"

"ಕೆಲಸ ಆಗ್ಲಿಲ್ಲ ಅಣ್ಣ. ನಾಳೆ ಇನ್ನೊಂದು ಕಡೆ ನೋಡ್ತೀನಿ."

"ಪಾಪ, ಎಷ್ಟು ಅಂತ ಅಲೀತೀಯ," ಎಂದ ಅಣ್ಣ. ಹಿಂದಿನಿಂದ ಪುಟ್ಟ ದನಿಯೊಂದು ಕೂಗಿತು: "ಅತ್ತೇ, ನನ್ ಸೀಟು ಕೂತ್ಕೊಂಡ್ತಾ?"

ಅವಳು ಫೋನು ಇಟ್ಟಳು. ಮಗುವಿನ ಸೀಟಿನ ಬೆಲ್ಟು ಬಿಚ್ಚಿದಳು. ತಲೆದಿಂಬನ್ನು ಮತ್ತೆ ಅದರ ಜಾಗದಲ್ಲಿ ಸಿಕ್ಕಿಸಿದಳು. ಕೈ ಪಳಗಿತ್ತು, ನೋಡಬೇಕಾಗಿಯೂ ಇರಲಿಲ್ಲ.

ಆಮೇಲೆ ಕೈಚೀಲ ತೆರೆದು, ಈ ಚೀಟಿಯನ್ನೂ ಆ ಎರಡರ ಜೊತೆಗಿಟ್ಟಳು. ಮೂರು ಗ್ಯಾರೇಜು, ಮೂರು ಕೈಬರಹ, ಒಂದೇ ಮಾತು: ಕೂರುತ್ತದೆ.