ಟೈಲರಮ್ಮನ ಟಿಕ್ಕು

ಟೈಲರಮ್ಮನ ಮೈದುನ ಪಣಕ್ಕೆಂದು ಉಳಿದಿದ್ದ ಕೊನೆಯ ಇಪ್ಪತ್ತು ಅಂಗಿ ಗುಂಡಿಗಳನ್ನೂ ಮೇಜಿನ ನಡುವೆ ಇದ್ದ ಇಪ್ಪತ್ತರ ಪಕ್ಕಕ್ಕೆ ತಳ್ಳಿ, ಮೀಸೆಯಲ್ಲೇ ನಕ್ಕ. "ಏನತ್ತಿಗೆ, ಧೈರ್ಯ ಇದ್ಯಾ? ಇಲ್ಲಾ, ಎದ್ದು ಹೋಗಿ ಬ್ಲೌಸ್ ಹೊಲೀತೀರಾ?"

ಟೈಲರಮ್ಮ ತನ್ನ ಎಲೆಗಳನ್ನು ನೋಡಿಕೊಂಡಳು. ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲೆ ಮಗುಚಿಟ್ಟ ನಾಲ್ಕರಲ್ಲಿ ಎರಡು. ಮಗುಚಬೇಕಾದ ಎಲೆ ಒಂದೇ. ಅದೂ ಆಟೀನಾದರೆ ಆಟ ಅವಳದು, ಇಲ್ಲದಿದ್ದರೆ ಅವನದು. ಹಿಂದೆ ನಿಂತಿದ್ದ ಸೊಸೆ ಉಗುರು ಕಚ್ಚಿದಳು. ಪೋಕರ್ ಕಲಿಸುವ ಆ್ಯಪನ್ನು ಅತ್ತೆಯ ಮೊಬೈಲಿಗೆ ಹಾಕಿಕೊಟ್ಟವಳು ಅವಳೇ. ಮೂರು ತಿಂಗಳಿಂದ ಅತ್ತೆ ಕಾಜ ಹೊಲಿಯುವ ನಡುವೆ ಅದರ ಪ್ರಶ್ನೆಗಳಿಗೆ ಉತ್ತರ ಒತ್ತುತ್ತಿದ್ದಳು. ಲೆಕ್ಕ ಸರಿಯಿದ್ದರೆ, ಆಮೇಲೆ ಎಲೆ ಯಾವುದೇ ಬರಲಿ, ಹಸಿರು ಟಿಕ್ಕು ಬೀಳುತ್ತಿತ್ತು. ಸೊಸೆಯಾದರೋ ಎರಡು ಸಲ ಸೋತು, ಆ್ಯಪಿಗೇ ಬೈದು ಕೈಬಿಟ್ಟಿದ್ದಳು.

ಟೈಲರಮ್ಮ ಎಲೆಗಳನ್ನು ಕೆಳಗಿಟ್ಟಳು. "ನಾನು ಕಾಣದ ನಲವತ್ತಾರು ಎಲೇಲಿ ಆಟೀನು ಒಂಬತ್ತು. ಐದು ಸಲಕ್ಕೆ ಒಂದ್ಸಲ ಬಂದೀತು. ಇಪ್ಪತ್ತು ಹಾಕಿ ನಲವತ್ತು ಗೆಲ್ಲೋಕೆ ಮೂರಕ್ಕೆ ಒಂದ್ಸಲನಾದ್ರೂ ಬರ್ಬೇಕು. ನಾನು ಬಿಟ್ಟೆ ಕಣಪ್ಪ."

"ನೋಡೇಬಿಡೋಣ!" ಮೈದುನ ಕೊನೆಯ ಎಲೆ ಮಗುಚಿದ. ಆಟೀನ್ ರಾಣಿ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತೆ, ಬಂದೇಬಿಟ್ಟಿತ್ತಲ್ಲಾ!"

"ಬರ್ಲಿ ಬಿಡು, ಅದರಿಷ್ಟ." ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ತೆಗೆದುಕೊಂಡು, ಮೇಜಿನ ಅಂಚಿನಲ್ಲಿ, ತನ್ನೆದುರಿಗೆ, ನಿಧಾನವಾಗಿ ಒಂದು ಟಿಕ್ಕು ಹಾಕಿದಳು. ಕತ್ತರಿ ಇಡುವ ಮುನ್ನ ಎಳೆಯುವ ಗೆರೆಯಷ್ಟೇ ನೇರ.

ಸೊಸೆ ಆ ಟಿಕ್ಕನ್ನೇ ನೋಡುತ್ತ ನಿಂತಳು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಮೊಬೈಲು ಮುಂದೆ ಹಿಡಿದಳು.

"ಅತ್ತೆ, ನಂಗೂ ಕಲ್ಸಿ."