ಕಪ್ಪೆಮನುಷ್ಯರ ಪಂಜರ

ಜೈಲಿನ ಬ್ಯಾರಕ್ಕಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮುಜೀಬ ಆಟ ನಡೆಸುತ್ತಿದ್ದ. ಅವನು ಕತೆ ಹೇಳಬೇಕು, ಉಳಿದ ಕೈದಿಗಳು ಪಾತ್ರಗಳಾಗಿ ದಾಳ ಉರುಳಿಸಬೇಕು. ದಾಳ ಸೋಪಿನಲ್ಲಿ ಕೆತ್ತಿದ್ದು. ಮುದುಕ ಸಣ್ಣೀರಪ್ಪ ಆಡುತ್ತಿದ್ದ ಯೋಧ ಮೂರು ವಾರದಿಂದ ಜೌಗಿನ ಕಪ್ಪೆಮನುಷ್ಯರ ಪಂಜರದಲ್ಲಿ ಸೆರೆಯಾಗಿದ್ದ.

ಇವತ್ತು ಆರು ಬಿತ್ತು.

"ಬೀಗ ಮುರೀತು ಅಜ್ಜ. ಕಾವಲಿನ ಕಪ್ಪೆಗಳು ನಿದ್ದೆ ಮಾಡ್ತಿದಾವೆ. ಓಡು," ಎಂದ ಮುಜೀಬ.

ಸಣ್ಣೀರಪ್ಪ ಅಲುಗಲಿಲ್ಲ. "ಹೊರಗೆ ಯಾರಿದಾರೆ?"

"ಯಾರೂ ಇಲ್ಲ. ಬರೀ ಜೌಗು."

"ಹಂಗಾದ್ರೆ ಒಳಗೇ ಇರ್ತೀನಿ."

"ಇಪ್ಪತ್ತೆರಡು ವರ್ಷ ಇಲ್ಲಿದ್ದು ಸಾಕಾಗಿಲ್ವಾ ಅಜ್ಜ? ಆಟದಲ್ಲಾದ್ರೂ ಹೊರಗೆ ಹೋಗು."

"ನಾಳೆ ನನ್ನ ಬಿಡ್ತಾರಂತೆ ಮುಜೀಬ. ಇವತ್ತೊಂದಿನ ಒಳಗಿರೋಕೆ ಬಿಡು."