ನಾಯಿ ಬಾಲ

ಬೇಸ್ ಗಿಟಾರಿನ ಕತ್ತನ್ನು ನೇರವಾಗಿಸುವ ಒಳಸರಳನ್ನು ಕೀಲಿಯಿಂದ ನಾಲ್ಕನೇ ಸಲ ಬಿಗಿದು, ರಿಪೇರಿಯವನು ಕತ್ತಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟ. ಸ್ಕೇಲಿಗೂ ಕತ್ತಿಗೂ ನಡುವೆ ಮತ್ತದೇ ಸಂದು. "ನಾಯಿ ಬಾಲ ಕಣೋ ಇದು! ಎಷ್ಟು ಬಿಗಿದರೂ ಡೊಂಕೇ."

"ಬೆಳಿಗ್ಗೆ ಚೆನ್ನಾಗೇ ನುಡೀತಿತ್ತು ಭಾವ," ಅಂದ ಗಿಟಾರಿನ ಒಡೆಯ, ರಿಪೇರಿಯವನ ಹೆಂಡತಿಯ ತಮ್ಮ. "ನಾನು ತಂದಿದ್ದು ಬರೀ ತಂತಿ ಬದಲಾಯಿಸೋಕೆ. ಸಂಜೆ ಕಾರ್ಯಕ್ರಮದಲ್ಲಿ ನುಡಿಸೋದಿದೆ, ಬಿಟ್ಬಿಡಿ."

"ನಂಗೇ ಪಾಠ ಹೇಳ್ಬೇಡ!" ಹಲ್ಲು ಕಚ್ಚಿ ಇನ್ನೊಂದು ಸುತ್ತು ಬಿಗಿದ. ಕತ್ತಿನೊಳಗಿನ ಸರಳು ಟಕ್ಕೆಂದು ಮುರಿಯಿತು.

ಸದ್ದು ಕೇಳಿ ಹೆಂಡತಿ ಬಂದಳು. ಕೈತುಂಬ ನೀಲಿ ಬಣ್ಣ. "ಅಯ್ಯೋ, ಆ ಸ್ಕೇಲು ಯಾಕ್ರೀ ತಗೊಂಡ್ರಿ? ನಿನ್ನೆ ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸೋಕೆ ಹೋಗಿ ಬಗ್ಗಿಸಿಬಿಟ್ಟಿದ್ದೆ."

ಭಾಮೈದ ಸ್ಕೇಲನ್ನು ಮೇಜಿನ ಮೇಲೆ ಮಗುಚಿಟ್ಟು ಒಂದು ತುದಿ ಒತ್ತಿದ. ಅದು ತೊಟ್ಟಿಲಿನ ಹಾಗೆ ತೂಗಿತು.

"ಭಾವ, ನಾಯಿ ಬಾಲ ಸಿಕ್ತು."